ಹೊಸ ಜೀಪು ಯಾಕೆ ಕಟಕಟ ಎನ್ನುತ್ತದೆ?

ಕೊಲ್ಹಾರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಗಳದಲ್ಲಿ ಹೊಸ ಜೀಪು ನಿಂತಿದೆ. ಎತ್ತರದ ಗಾಡಿ, ದಪ್ಪ ಟೈರು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಏರ್ಪಾಡು. ಕಾಯಿ ಒಡೆದದ್ದಾಗಿದೆ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದ್ದಾಗಿದೆ. ಮನೆಯಲ್ಲಿ ಮುತ್ಯಾ, ಅಪ್ಪ, ಅವ್ವ, ಡಿಗ್ರಿ ಓದುವ ಮಗ, ಹತ್ತನೆಯ ತರಗತಿಯ ಮಗಳು. ಯಾವ ಕಂಪನಿಯ ಗಾಡಿಯೇ ಆಗಲಿ, ಇಂಥ ಮನೆಗಳಲ್ಲಿ ಅದಕ್ಕೆ ಹೆಸರು ಜೀಪೇ.

ವಾರ ಕಳೆಯುವುದರೊಳಗೆ ದೂರುಗಳು ಶುರು. ಓಣಿಯ ತಿರುವಿನಲ್ಲಿ ಗಾಡಿ ಕಟಕಟ ಎಂದು ಜಿಗಿಯುತ್ತದೆ. ಕೆಳಗೆ ನೀರು ಸೋರುತ್ತದೆ. ನಸುಕಿನಲ್ಲಿ ಹಳದಿ ದೀಪ ಹೊತ್ತುತ್ತದೆ, ಮಧ್ಯಾಹ್ನ ತಾನೇ ಆರುತ್ತದೆ. ಒಂದು ದಿನವಂತೂ ಸುಟ್ಟ ವಾಸನೆ.

“ಯಪ್ಪಾ, ಒಳಗ ಏನೋ ಮುರದೈತಿ,” ಎನ್ನುತ್ತಾನೆ ಮಗ.

“ಇಷ್ಟು ರೊಕ್ಕಾ ಕೊಟ್ಟು ತಂದೀವಿ. ವಾರದಾಗ ಮುರೀತದ ಏನು?” ಎನ್ನುತ್ತಾರೆ ಅಪ್ಪ. ಆದರೂ ಗ್ಯಾರೇಜಿಗೆ ಮೂರು ಸಲ ಫೋನು ಹೋಗಿದೆ.

ಗಾಡಿಯಲ್ಲಿ ಏನೂ ಮುರಿದಿಲ್ಲ. ಈ ನಾಲ್ಕೂ ದೂರುಗಳಿಗೆ ಉತ್ತರ ಶಾಲೆಯ ವಿಜ್ಞಾನದ ಪುಸ್ತಕದಲ್ಲಿಯೇ ಇದೆ. ಆದರೆ ಇದೇ ಗಾಡಿಯಲ್ಲಿ ನಿಜವಾಗಿ ಹೆದರಬೇಕಾದ ಕೆಲವು ಸಂಗತಿಗಳೂ ಇವೆ. ಅವುಗಳಿಗೆ ಶಬ್ದವಿಲ್ಲ, ದೀಪವಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಹೇಗೆ?

ಎರಿ ಹೊಲಕ್ಕೆ ಬಂದ ಗಾಡಿ

ಮೊದಲು ಈ ಗಾಡಿಯ ಹುಟ್ಟಿನ ಬಗ್ಗೆ ಎರಡು ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ರಸ್ತೆ ಇಲ್ಲದ ಕಡೆ ಓಡುವ ಹಗುರ ಗಾಡಿ ಬೇಕಾಗಿತ್ತು. 1940–41ರಲ್ಲಿ ರೂಪುಗೊಂಡ ಜೀಪು 1945ರ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. 2020ರಲ್ಲಿ ಹೊಸ ರೂಪದ ಥಾರ್, 2023ರಲ್ಲಿ ಜಿಮ್ನಿ ಬಂದ ಮೇಲೆ ಇಂಥ ಗಾಡಿಗಳು ಸರಕಾರಿ ಕಚೇರಿಗಳ ಅಂಗಳದಿಂದ ಮನೆಗಳ ಅಂಗಳಕ್ಕೂ ಬಂದವು.

ಕೊಲ್ಹಾರದ ಸುತ್ತ ಇಂಥ ಗಾಡಿಯ ಆಸೆಗೆ ಕಾರಣ ಕೇಳಬೇಕಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಬಂದಾಗ ಹಳೆಯ ಊರು ಬಿಟ್ಟು ಎತ್ತರದಲ್ಲಿ ಹೊಸ ಊರು ಕಟ್ಟಿಕೊಂಡ ಜನ ಇವರು. ಸುತ್ತಲೂ ಎರಿ ಹೊಲ. ಈ ಕಪ್ಪು ಮಣ್ಣಿನಲ್ಲಿ ಇರುವ ಒಂದು ಬಗೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಯಲ್ಲಿ ಕಾಲು ಕೀಳಲಾಗದ ರಾಡಿ. ಮಳೆಗಾಲದಲ್ಲಿ ಹೊಲದ ದಾರಿಗೆ ಹೋದ ಸಾಮಾನ್ಯ ಕಾರಿನ ಟೈರಿಗೆ ಈ ಮಣ್ಣು ಮೆತ್ತಿಕೊಂಡು, ಟೈರಿನ ಗೀರುಗಳೆಲ್ಲ ಮುಚ್ಚಿ, ಗಾಲಿ ಎಣ್ಣೆ ಸವರಿದ ಬಂಡಿಯಂತೆ ನಿಂತಲ್ಲೇ ತಿರುಗುತ್ತದೆ. ಅಂಥ ಹೊತ್ತಿನಲ್ಲಿ ಎರಡರ ಬದಲು ನಾಲ್ಕು ಗಾಲಿ ತಳ್ಳಿದರೆ ಗಾಡಿ ಹೊರಬರುತ್ತದೆ.

ಈಗ ದೂರುಗಳನ್ನು ಒಂದೊಂದಾಗಿ ನೋಡೋಣ.

ತಿರುವಿನಲ್ಲಿ ಕಟಕಟ

ಮಗ ಹೊಸ ಹುರುಪಿನಲ್ಲಿ ಗೇರಿನ ಪಕ್ಕದ ಸಣ್ಣ ಸನಿಕೆಯನ್ನು ‘ಫೋರ್ ಹೈ’ಗೆ ಹಾಕಿ ಡಾಂಬರು ರಸ್ತೆಯಲ್ಲಿ ಓಡಿಸಿದ್ದಾನೆ. ನೇರ ದಾರಿಯಲ್ಲಿ ಏನೂ ಗೊತ್ತಾಗಲಿಲ್ಲ. ತಿರುವು ಬಂದ ಕೂಡಲೇ ಸ್ಟೀರಿಂಗ್ ಬಿಗಿಯಾಯಿತು, ಗಾಡಿ ತಡೆದು ತಡೆದು ಜಿಗಿಯಿತು, ಕೆಳಗೆ ಕಟಕಟ ಎಂದಿತು.

ಸ್ವಾತಂತ್ರ್ಯ ದಿನದ ಕವಾಯತನ್ನು ನೆನಪಿಸಿಕೊಳ್ಳಿ. ಸಾಲು ತಿರುಗುವಾಗ ಒಳಗಿನ ಹುಡುಗ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರಗಿನವನು ದೊಡ್ಡ ಹೆಜ್ಜೆ ಹಾಕುತ್ತಾನೆ. ಗಾಲಿಗಳೂ ಹಾಗೆಯೇ. ಎತ್ತಿನ ಗಾಡಿಗೆ ಇದು ತೊಂದರೆಯೇ ಅಲ್ಲ. ಅದರ ಎರಡೂ ಗಾಲಿಗಳು ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ. ಮೋಟಾರು ಗಾಡಿಯಲ್ಲಿ ಎಡ-ಬಲ ಗಾಲಿಗಳ ನಡುವೆ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಗಡ್ಡೆ ಇದೆ. ಒಂದು ಗಾಲಿ ಹೆಚ್ಚು, ಇನ್ನೊಂದು ಕಡಿಮೆ ತಿರುಗಲು ಅದು ಅವಕಾಶ ಕೊಡುತ್ತದೆ.

ಆದರೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ? ಇಂಥ ಹೆಚ್ಚಿನ ಜೀಪುಗಳಲ್ಲಿ ಅಲ್ಲಿ ಡಿಫರೆನ್ಷಿಯಲ್ ಇಲ್ಲ. ‘ಫೋರ್ ಹೈ’ಗೆ ಹಾಕಿದರೆ ಮುಂದು ಹಿಂದು ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಅಚ್ಚು ಎಷ್ಟು ಹೆಚ್ಚು ದೂರ ಹೋಗುತ್ತದೆ ಎಂಬುದನ್ನು ಹತ್ತನೆಯ ತರಗತಿಯ ಮಗಳೇ ಲೆಕ್ಕ ಹಾಕಬಲ್ಲಳು. ಎರಡು ಅಚ್ಚುಗಳ ನಡುವೆ ಸುಮಾರು 2.5 ಮೀಟರ್. ಹಿಂದಿನ ಅಚ್ಚಿನ ನಡುಬಿಂದು 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ ಎನ್ನಿ. ಪೈಥಾಗೊರಸ್ ಪ್ರಮೇಯದ ಪ್ರಕಾರ ಮುಂದಿನ ಅಚ್ಚಿನ ತ್ರಿಜ್ಯ, 25 ಮತ್ತು 6.25ರ ಮೊತ್ತದ ವರ್ಗಮೂಲ, ಅಂದರೆ ಸುಮಾರು 5.6 ಮೀಟರ್. ಪೂರ್ತಿ ಸುತ್ತಿಗೆ ಹಿಂದಿನದು ಸುಮಾರು 31.4 ಮೀಟರ್, ಮುಂದಿನದು ಸುಮಾರು 35.1 ಮೀಟರ್ ಕ್ರಮಿಸುತ್ತದೆ. ಓಣಿಯ ಒಂದು ತಿರುವು ಎಂದರೆ ಕಾಲು ಸುತ್ತು. ಆ ಕಾಲು ಸುತ್ತಿನಲ್ಲಿ ಮುಂದಿನ ಗಾಲಿಗಳು ಸುಮಾರು 90 ಸೆಂಟಿಮೀಟರ್ ಹೆಚ್ಚು ಉರುಳಬೇಕು.

ರಾಡಿಯಲ್ಲಿ ಈ ವ್ಯತ್ಯಾಸ ಟೈರು ಜಾರಿ ತೀರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಟೈರು ಜಾರುವುದಿಲ್ಲ. ಆಗ ಒತ್ತಡ ಅಚ್ಚು, ಹಲ್ಲುಚಕ್ರಗಳೊಳಗೆ ಹಗ್ಗ ಹೊಸೆದಂತೆ ಕೂಡುತ್ತ ಹೋಗಿ, ಟೈರು ಒಮ್ಮೆ ಜಿಗಿದಾಗ ಬಿಡುತ್ತದೆ. ಕಟಕಟ ಎಂದರೆ ಅದೇ.

ಪರಿಹಾರ ಸರಳ. ಒಣ ಡಾಂಬರಿನಲ್ಲಿ ‘ಟೂ ಹೈ’, ಅಂದರೆ ಎರಡೇ ಗಾಲಿ. ರಾಡಿ, ಉಸುಕು, ಸಡಿಲ ಮಣ್ಣು ಬಂದಾಗ ಮಾತ್ರ ನಾಲ್ಕು. ಸನಿಕೆಯನ್ನು ‘ಟೂ ಹೈ’ಗೆ ತಂದರೂ ದೀಪ ಮಿಣುಕುತ್ತಲೇ ಇದ್ದರೆ ಹೆದರಬೇಡಿ, ಹೊಸೆದುಕೊಂಡ ಬಿಗಿ ಇನ್ನೂ ಬಿಟ್ಟಿಲ್ಲ. ಸ್ಟೀರಿಂಗ್ ನೇರ ಹಿಡಿದು ನಾಲ್ಕಾರು ಮೀಟರ್ ಹಿಂದಕ್ಕೆ ತನ್ನಿ. ಸಾಮಾನ್ಯವಾಗಿ ಬಿಗಿ ಬಿಟ್ಟು ದೀಪ ಆರುತ್ತದೆ. ಕಟಕಟ ಕೇಳಿದರೂ ಹಾಗೆಯೇ ತಿಂಗಳುಗಟ್ಟಲೆ ಓಡಿಸಿದರೆ ಮಾತ್ರ, ಮುರಿಯದೇ ಇದ್ದದ್ದು ಮುರಿಯುತ್ತದೆ.

ಕೆಳಗೆ ಸೋರುವ ನೀರು

ಮನೆಯ ಮುಂದೆ ನಿಂತ ಗಾಡಿಯ ಕೆಳಗೆ ಅಂಗೈಯಗಲ ನೀರು. “ಎಂಜಿನ್ ಸೋರಾಕತ್ತೈತಿ,” ಎಂದು ಅವ್ವನಿಗೂ ಚಿಂತೆ.

ಕೊಲ್ಹಾರದ ಮೊಸರಿನ ಗಡಿಗೆಯ ಹೆಸರು ದೂರದ ಊರುಗಳಲ್ಲೂ ಇದೆ. ಮಣ್ಣಿನ ಗಡಿಗೆಯ ಹೊರಮೈ ತೇವವಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ಆ ತೇವ ಒಳಗಿನಿಂದ ಬಂದದ್ದು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗುತ್ತದೆ. ಹಾಗೆ ನೀರು ಹೀರಿದ್ದರಿಂದಲೇ ಮೊಸರು ಗಟ್ಟಿ. ಈಗ ಸ್ಟೀಲಿನ ತಂಬಿಗೆಯಲ್ಲಿ ಮಂಜಿನಂಥ ತಣ್ಣೀರು ತುಂಬಿ ಇಡಿ. ಅದರ ಹೊರಮೈ ಮೇಲೂ ಹನಿ ಮೂಡುತ್ತದೆ. ಸ್ಟೀಲಿಗೆ ರಂಧ್ರವಿಲ್ಲ. ಆ ಹನಿ ಗಾಳಿಯಲ್ಲಿದ್ದ ಆವಿ ತಣ್ಣಗಾಗಿ ಬಂದದ್ದು.

ಗಾಡಿಯ ಕೆಳಗಿನ ನೀರು ತಂಬಿಗೆಯ ಜಾತಿಯದೋ ಗಡಿಗೆಯ ಜಾತಿಯದೋ? ಏ.ಸಿ. ಹಾಕಿದಾಗ ಒಳಗೆ ಒಂದು ತಣ್ಣನೆಯ ಕೊಳವೆಗಳ ಜಾಲ ಇರುತ್ತದೆ. ಗಾಳಿಯ ಆವಿ ಅದಕ್ಕೆ ತಾಗಿ ನೀರಾಗಿ, ಒಂದು ಸಣ್ಣ ಕೊಳವೆಯಿಂದ ಕೆಳಗೆ ಬೀಳುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ನೀರೂ ಹೆಚ್ಚು. ಇದು ತಂಬಿಗೆಯ ಜಾತಿ, ಚಿಂತೆ ಬೇಡ.

ಪರೀಕ್ಷೆ ಹೇಗೆ? ಹನಿ ಬೀಳುವ ಕಡೆ ಬಿಳಿ ಕಾಗದ ಇಡಿ. ಬಣ್ಣವಿಲ್ಲ, ವಾಸನೆಯಿಲ್ಲ, ಜಿಗುಟಿಲ್ಲ ಎಂದರೆ ಏ.ಸಿ. ನೀರು. ಹಸಿರು ಅಥವಾ ಗುಲಾಬಿ ಬಣ್ಣ ಇದ್ದರೆ ರೇಡಿಯೇಟರಿನ ದ್ರವ. ಕಂದು ಅಥವಾ ಕಪ್ಪಾಗಿ ಜಿಡ್ಡಿದ್ದರೆ ಎಣ್ಣೆ. ಇವೆರಡೂ ಗಡಿಗೆಯ ಜಾತಿ, ಗ್ಯಾರೇಜಿಗೆ ತೋರಿಸಬೇಕು. ಗಾಲಿಯ ಒಳಮಗ್ಗುಲಿನಲ್ಲಿ ಜಿಡ್ಡಿನ ದ್ರವ ಇಳಿದಿದ್ದು, ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ಗಾಡಿ ಹೊರಡಿಸಲೇಬೇಡಿ; ಗ್ಯಾರೇಜಿನವರನ್ನೇ ಮನೆಗೆ ಕರೆಸಿ.

ನಸುಕಿನ ಹಳದಿ ದೀಪ

ಹೊಸ ಗಾಡಿಗಳಲ್ಲಿ ಹಲವಕ್ಕೆ ಟೈರಿನ ಗಾಳಿ ಕಡಿಮೆಯಾದರೆ ಹೊತ್ತುವ ದೀಪ ಇದೆ. ಡಿಸೆಂಬರಿನ ನಸುಕಿನಲ್ಲಿ ಅದು ಹೊತ್ತುತ್ತದೆ, ಬಿಸಿಲೇರಿದ ಮೇಲೆ ಆರುತ್ತದೆ. ದೀಪವೇ ಕೆಟ್ಟಿದೆ ಎಂದು ತೀರ್ಮಾನಿಸುವವರು ಉಂಟು.

ಗಾಳಿಯ ಗಾತ್ರ ಹೆಚ್ಚು ಬದಲಾಗದಿದ್ದರೆ ಅದರ ಒತ್ತಡ ತಾಪದ ಜೊತೆ ಏರಿಳಿಯುತ್ತದೆ. ಇಲ್ಲಿ ತಾಪವನ್ನು ಕೆಲ್ವಿನ್‌ನಲ್ಲಿ ಎಣಿಸಬೇಕು, ಒತ್ತಡಕ್ಕೆ ಹೊರಗಿನ ವಾತಾವರಣದ ಸುಮಾರು 14.7 ಪೌಂಡನ್ನೂ ಕೂಡಿಸಬೇಕು. ಮಧ್ಯಾಹ್ನ ಓಡಿ ಬಿಸಿಯಾದ ಟೈರಿನ ತಾಪ 40 ಡಿಗ್ರಿ ಇದ್ದಾಗ 30 ಪೌಂಡ್ ಗಾಳಿ ಹಾಕಿಸಿದಿರಿ ಎನ್ನಿ. ನಿಜವಾದ ಒತ್ತಡ 44.7. ಮರುದಿನ ನಸುಕಿಗೆ ತಾಪ 15 ಡಿಗ್ರಿ. 44.7ನ್ನು 288ರಿಂದ ಗುಣಿಸಿ 313ರಿಂದ ಭಾಗಿಸಿದರೆ ಸುಮಾರು 41.1. ವಾತಾವರಣದ್ದನ್ನು ಕಳೆದರೆ ಸುಮಾರು 26.4 ಪೌಂಡ್. ಒಂದು ಹನಿ ಗಾಳಿ ಸೋರದೆಯೇ ಮೂರೂವರೆ ಪೌಂಡ್ ಇಳಿದಿದೆ! ಮೊದಲೇ ಸ್ವಲ್ಪ ಕಡಿಮೆ ಗಾಳಿ ಇದ್ದ ಟೈರು ಈಗ ದೀಪದ ಗಡಿಯನ್ನು ದಾಟುತ್ತದೆ.

ಹಾಗಾದರೆ ದೀಪ ಸುಳ್ಳು ಹೇಳಿಲ್ಲ. ಗಾಳಿಯನ್ನು ಮುಂಜಾನೆ, ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆಸಬೇಕು. ಎಷ್ಟಿರಬೇಕು ಎಂಬುದನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಬರೆದಿರುತ್ತಾರೆ. ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ಅಲ್ಲಿ ಮೊಳೆಯೋ ಜಾಲಿ ಮುಳ್ಳೋ ಇದೆ.

ಸುಟ್ಟ ವಾಸನೆ, ನಿಂತರೂ ತಿರುಗುವ ಫ್ಯಾನು

ಇದು ಡೀಸೆಲ್ ಗಾಡಿಯವರ ದೂರು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ನಿಯಮ ಜಾರಿಗೆ ಬಂದಿತು. ಹೊಗೆಯಲ್ಲಿನ ಕಾಡಿಗೆಯನ್ನು ಹಿಡಿಯಲು ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಒಂದು ಜಾಲರಿ ಬಂತು. ಜಾಲರಿ ತುಂಬಿದಾಗ ಗಾಡಿ ತಾನೇ ಅದನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ತೆರವು ಮಾಡಿಕೊಳ್ಳುತ್ತದೆ. ಆಗ ಎಂಜಿನ್ನಿನ ಸದ್ದು ಸ್ವಲ್ಪ ಏರುತ್ತದೆ, ಬಿಸಿ ವಾಸನೆ ಬರುತ್ತದೆ, ಕೀಲಿ ತೆಗೆದ ಮೇಲೂ ಫ್ಯಾನು ತಿರುಗುತ್ತದೆ.

ಮನೆಯಿಂದ ಹೊಲ, ಹೊಲದಿಂದ ಸಂತೆ, ಎಲ್ಲವೂ ಎರಡು-ಮೂರು ಕಿ.ಮೀ. ಅಷ್ಟರಲ್ಲಿ ಹೊಗೆ ಕೊಳವೆ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಕಾಡಿಗೆ ಸುಡುವುದಿಲ್ಲ, ಕೊನೆಗೆ ಎಚ್ಚರಿಕೆಯ ದೀಪ. ಆಗ ಕೈಪಿಡಿಯಲ್ಲಿ ಹೇಳಿದಂತೆ ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಬಂದರೆ ಹೆಚ್ಚಾಗಿ ದೀಪ ಆರುತ್ತದೆ. ಆರದಿದ್ದರೆ ಗ್ಯಾರೇಜು.

ಇಲ್ಲಿಯವರೆಗಿನದು ಗಾಡಿ ತಾನಾಗಿ ಹೇಳಿದ ಮಾತು. ಇನ್ನು ಅದು ಹೇಳದೇ ಇರುವ ಮಾತು.

ಕಣಕಿಯ ಮೇಲೆ ಬಿಸಿ ಕೊಳವೆ

ಸುಗ್ಗಿಯಲ್ಲಿ ಜೋಳದ ಕಣಕಿಯ ಬಣವಿ ಪಕ್ಕ, ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸುವುದು ರೂಢಿ. ಕೆಲವು ಕಡೆ ಹುರುಳಿ, ತೊಗರಿಯನ್ನು ರಾಶಿಗೆಂದು ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಅದರ ಮೇಲೆ ಹಾದುಹೋದ ಗಾಡಿಯ ಅಚ್ಚಿಗೆ ಬಳ್ಳಿ ಸುತ್ತಿಕೊಳ್ಳುತ್ತದೆ, ಹೊಗೆ ಕೊಳವೆಗೆ ತಾಗುತ್ತದೆ. ಹೀಗೆ ಹೊತ್ತಿಕೊಂಡ ಕಾರುಗಳ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಬಂದಿದೆ. ಜೀಪು ಎತ್ತರ ಇದೆಯಲ್ಲ ಎಂಬ ಧೈರ್ಯ ಬೇಡ. ಒಣ ಹುಲ್ಲು ಹೊತ್ತಿಕೊಳ್ಳಲು 600 ಡಿಗ್ರಿ ಬೇಕಿಲ್ಲ, ಅದರ ಅರ್ಧದಷ್ಟೇ ಸಾಕು. ಅದನ್ನು ಎಚ್ಚರಿಸುವ ದೀಪ ಯಾವ ಗಾಡಿಯಲ್ಲೂ ಇಲ್ಲ. ಸೊಪ್ಪೆಯ ಮೇಲೆ ಹಾಯಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡುವುದೇ ಉಪಾಯ.

ನಾಲ್ಕು ಗಾಲಿ ಓಡಿಸುತ್ತವೆ, ನಿಲ್ಲಿಸುವುದಿಲ್ಲ

ಎಲ್ಲ ಗಾಡಿಗಳಿಗೂ ಬ್ರೇಕು ನಾಲ್ಕು ಗಾಲಿಗಳಿಗೇ ಇದೆ. ಸಾಮಾನ್ಯ ಕಾರಿಗೂ, ಜೀಪಿಗೂ. ‘ಫೋರ್ ಹೈ’ ಹಾಕಿದರೆ ಹೊರಡುವುದು ಸುಲಭವಾಗುತ್ತದೆಯೇ ಹೊರತು ನಿಲ್ಲುವುದಲ್ಲ. ಬ್ರೇಕು ಹಾಕಿದ ಮೇಲೆ ಗಾಡಿ ಸಾಗುವ ದೂರವೆಂದರೆ ವೇಗದ ವರ್ಗವನ್ನು, ಘರ್ಷಣೆಯ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದ ಮೊತ್ತ. ಈ ಸೂತ್ರದಲ್ಲಿ ಎಂಜಿನ್ ಎಷ್ಟು ಗಾಲಿಗಳನ್ನು ತಿರುಗಿಸುತ್ತದೆ ಎಂಬುದಕ್ಕೆ ಜಾಗವೇ ಇಲ್ಲ.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಒಣ ಡಾಂಬರಿನ ಗುಣಾಂಕ 0.7 ಎಂದು ಹಿಡಿದರೆ ಸುಮಾರು 20 ಮೀಟರ್ ಬೇಕು. ಹೊಲದ ಟ್ರ್ಯಾಕ್ಟರುಗಳು ರಾಡಿ ಉದುರಿಸಿದ ಒದ್ದೆ ರಸ್ತೆಯಲ್ಲಿ ಗುಣಾಂಕ ಅರ್ಧಕ್ಕಿಳಿದರೆ 40 ಮೀಟರ್. ಚಾಲಕ ಎಚ್ಚೆತ್ತು ಕಾಲಿಡುವ ಒಂದು ಸೆಕೆಂಡಿನ 17 ಮೀಟರ್ ಬೇರೆ. ರಾಡಿಯಲ್ಲಿ ಜಾರದೆ ಬಂದ ಗಾಡಿ ತಿರುವಿನಲ್ಲೂ ಜಾರದು ಎಂದು ನಂಬಿದವರು ಈ ಲೆಕ್ಕದಲ್ಲೇ ಸೋಲುತ್ತಾರೆ.

ಇನ್ನೊಂದು, ಎತ್ತರ. ಕಣಕಿ ಒಟ್ಟಿದ ಗಾಡಿ ಓರೆ ದಾರಿಯಲ್ಲಿ ಯಾಕೆ ಉರುಳುತ್ತದೆ ಎಂಬುದು ರೈತರ ಮಕ್ಕಳಿಗೆ ಹೇಳಬೇಕಿಲ್ಲ. ಗುರುತ್ವ ಕೇಂದ್ರ ಮೇಲೇರಿದಷ್ಟೂ ಗಾಡಿ ಬೇಗ ಮಗುಚುತ್ತದೆ. ಜೀಪು ಹುಟ್ಟಿನಿಂದಲೇ ಎತ್ತರ. ಅದರ ಮಾಳಿಗೆಯ ಮೇಲೆ ಚೀಲ ಹೇರಿದರೆ ಮತ್ತಷ್ಟು. ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನಲ್ಲಿ ಅಲ್ಲ.

ಪಾಲಕರಿಗೆ ಒಂದು ಮಾತು. “ನಮ್ಮ ಹೊಲದ ದಾರ್‍ಯಾಗ ಹೊಡೀಲಿ ಬಿಡ್ರಿ” ಎಂದು ಹದಿನೆಂಟು ತುಂಬದ ಮಕ್ಕಳ ಕೈಗೆ ಕೀಲಿ ಕೊಡುವ ಮನೆಗಳಿವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಜೈಲು ಎಂದಿದೆ. ಕಾಯ್ದೆಗಿಂತ ಮೊದಲು ಮೇಲಿನ 20 ಮೀಟರ್, 40 ಮೀಟರಿನ ಲೆಕ್ಕ ನೆನಪಾದರೆ ಒಳ್ಳೆಯದು.

ಹೂತ ಗಾಲಿ, ತಿರುಗುವ ಗಾಲಿ

ಎರಿ ಹೊಲದಲ್ಲಿ ಜೀಪೂ ಹೂಳುತ್ತದೆ. ಒಂದು ಗಾಲಿ ಗುಂಡಿಯಲ್ಲಿ ತೇಲಿದರೆ ಡಿಫರೆನ್ಷಿಯಲ್ ಆ ತೇಲುವ ಗಾಲಿಯನ್ನೇ ತಿರುಗಿಸುತ್ತದೆ. ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಲ್ಲುತ್ತದೆ. ಟ್ರ್ಯಾಕ್ಟರ್ ಹೊಡೆಯುವವರಿಗೆ ಇದು ಗೊತ್ತು. ಅವರ ಕಾಲಬುಡದಲ್ಲಿ ಎರಡೂ ಗಾಲಿಗಳನ್ನು ಒಂದಾಗಿ ಬಂಧಿಸುವ ‘ಲಾಕ್’ ಪೆಡಲ್ ಇರುತ್ತದೆ. ಕೆಲವು ಜೀಪುಗಳಲ್ಲಿ ಅಂಥದೇ ಲಾಕ್ ಇದೆ, ಕೆಲವದರಲ್ಲಿ ತೇಲುವ ಗಾಲಿಗೆ ತಾನೇ ಬ್ರೇಕು ಹಾಕುವ ಏರ್ಪಾಡಿದೆ.

ಸಿಕ್ಕಿಬಿದ್ದಾಗ ಎಕ್ಸಲರೇಟರ್ ಒತ್ತಿ ಗಾಲಿ ಗಿರಗಿರ ತಿರುಗಿಸಿದರೆ ಗುಂಡಿ ಆಳವಾಗುವುದಷ್ಟೇ ಲಾಭ. ‘ಫೋರ್ ಲೋ’ ಹಾಕಿದರೆ ಗಾಡಿಯ ವೇಗ ಎರಡರಿಂದ ಎರಡೂವರೆ ಪಟ್ಟು ಇಳಿದು, ತಿರುಗಿಸುವ ಬಲ ಅಷ್ಟೇ ಪಟ್ಟು ಏರುತ್ತದೆ. ಗಾಲಿಯ ಮುಂದೆ ಕಣಕಿ, ಗೋಣಿಚೀಲ ಹಾಸಿ ನಿಧಾನ ಹೊರಡಬೇಕು. ಟೈರಿನ ಗಾಳಿ ಇಳಿಸುವುದೂ ಉಂಟು. 1,700 ಕಿಲೋ ತೂಕದ ಗಾಡಿಯಲ್ಲಿ ಒಂದು ಟೈರಿನ ಮೇಲೆ 425 ಕಿಲೋ. 30 ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ, ಆಗ ನೆಲ ಮುಟ್ಟುವ ಜಾಗ ಸುಮಾರು 200 ಚದರ ಸೆಂ.ಮೀ. 18 ಪೌಂಡಿಗೆ ಇಳಿಸಿದರೆ ಸುಮಾರು 335 ಚದರ ಸೆಂ.ಮೀ. ಜಾಗ ಹೆಚ್ಚಾದರೆ ಹೂಳುವುದು ಕಡಿಮೆ. ಆದರೆ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಲೇಬೇಕು.

ಹಳ್ಳದ ದಂಡೆಯಲ್ಲಿ

ಮತ್ತೆ ಆ ಮನೆಗೆ ಬನ್ನಿ. ಸೆಪ್ಟೆಂಬರಿನ ಒಂದು ಸಂಜೆ. ಮನೆಮಂದಿ ಡೋಣಿಯ ಆಚೆ ಬೀಗರ ಊರಿಗೆ ಹೋಗಿ ಹೊಸ ಜೀಪಿನಲ್ಲಿ ಹಿಂದಿರುಗುತ್ತಿದ್ದಾರೆ. ಮೇಲೆ ಎಲ್ಲೋ ಮಳೆಯಾಗಿದೆ. ಡೋಣಿಯ ಪಾತ್ರದಲ್ಲಿ ಹೂಳು ತುಂಬಿದೆ. ನೀರು ಬಂದರೆ ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ. ತಗ್ಗಿನ ಸೇತುವೆಯ ಮೇಲೆ ಕೆಂಗಪ್ಪು ನೀರು ಹರಿಯುತ್ತಿದೆ. ಎಂಜಿನ್ನಿನ ಸದ್ದು ಸರಿಯಾಗಿದೆ. ಮುಂದಿನ ಫಲಕದಲ್ಲಿ ಒಂದೂ ದೀಪ ಹೊತ್ತಿಲ್ಲ.

“ನಾಲ್ಕೂ ಗಾಲಿ ಓಡ್ತಾವ ಯಪ್ಪಾ, ಹೊಡಿ. ಪುಸ್ತಕದಾಗ 65 ಸೆಂಟಿಮೀಟರ್ ನೀರಾಗ ಹೋಗ್ತೈತಿ ಅಂತ ಬರದಾರ,” ಎನ್ನುತ್ತಾನೆ ಮಗ.

ಹಿಂದೆ ಕುಳಿತ ಮುತ್ಯಾನ ಮಾತು ಇಷ್ಟೇ: “ತಮ್ಮಾ, ನೀರಿನ ಬುಡಕ ರಸ್ತಾ ಐತೋ ಇಲ್ಲೋ, ಅದನ್ನ ಯಾರು ನೋಡ್ಯಾರ?”

ಮಗ ಹೇಳಿದ್ದು ಸುಳ್ಳಲ್ಲ. 650 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳಿರುವ ಗಾಡಿ ಇದೆ. ಆದರೆ ಆ ಅಳತೆ ನಿಂತ ನೀರಿಗೆ, ಗಟ್ಟಿ ತಳಕ್ಕೆ. ಹರಿಯುವ ನೀರಿನ ಲೆಕ್ಕ ಬೇರೆ. ಅದು ಆರ್ಕಿಮಿಡೀಸನ ಲೆಕ್ಕ.

ಗಾಡಿಯ ತಳದ ಉದ್ದ ಅಗಲ ಗುಣಿಸಿದರೆ ಸುಮಾರು 6 ಚದರ ಮೀಟರ್. ನೀರು ತಳ ಮುಟ್ಟಿದ ಮೇಲೆ ಪ್ರತಿ 10 ಸೆಂಟಿಮೀಟರ್ ಏರಿಕೆಗೂ ಗಾಡಿ 0.6 ಘನ ಮೀಟರ್, ಅಂದರೆ 600 ಕಿಲೋ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಷ್ಟೇ ಬಲದಿಂದ ನೀರು ಗಾಡಿಯನ್ನು ಮೇಲಕ್ಕೆತ್ತುತ್ತದೆ. 1,700 ಕಿಲೋ ಗಾಡಿ ತೇಲಲು 28 ಸೆಂಟಿಮೀಟರ್ ಸಾಕು, ಒಂದು ಗೇಣಿಗಿಂತ ತುಸು ಹೆಚ್ಚು. ಬಾಗಿಲ ಸಂದಿಯಿಂದ ನೀರು ಒಳಗೆ ಬರುತ್ತದೆ ನಿಜ, ಆದರೆ ನಿಧಾನವಾಗಿ. ಪೂರ್ತಿ ತೇಲುವುದೂ ಬೇಕಿಲ್ಲ. ಅರ್ಧ ಭಾರ ನೀರು ಹೊತ್ತುಕೊಂಡರೆ ಗಾಲಿ ನೆಲಕ್ಕೆ ಒತ್ತುವ ಬಲ ಅರ್ಧ, ಹಿಡಿತವೂ ಅರ್ಧ. ಎತ್ತುವ ನೀರು ಮೇಲಕ್ಕೆ, ಹರಿಯುವ ನೀರು ಪಕ್ಕಕ್ಕೆ. ನೀರಿನ ವೇಗ ಇಮ್ಮಡಿಯಾದರೆ ಪಕ್ಕದ ತಳ್ಳು ನಾಲ್ಕು ಪಟ್ಟು. ನೆಲವನ್ನೇ ಬಿಟ್ಟ ಮೇಲೆ ಎರಡು ಗಾಲಿ ತಿರುಗಿದರೇನು, ನಾಲ್ಕು ತಿರುಗಿದರೇನು?

ಇನ್ನೊಂದು ಅಪಾಯ ಎಂಜಿನ್ನಿಗೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ ಅದನ್ನು ಒತ್ತಲು ಹೋಗಿ ಒಳಗಿನ ಕಬ್ಬಿಣದ ತೋಳೇ ಬಾಗುತ್ತದೆ. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು ಎನ್ನುವುದು ಇದಕ್ಕೇ.

ಅಪ್ಪ ಕೀಲಿ ತೆಗೆದರು. ಮಗಳು ಇಳಿದು ಸೇತುವೆಯ ಇತ್ತಕಡೆಯ ಕಲ್ಲು ನೋಡುತ್ತ ನಿಂತಳು. ಅರ್ಧ ತಾಸಿನಲ್ಲಿ ಅದು ಕಾಣದಾಯಿತು. ಗಾಡಿ ತಿರುಗಿ ಬೀಗರ ಊರಿಗೇ ಹೋಯಿತು. ರಾತ್ರಿ ಅಲ್ಲಿ ರೊಟ್ಟಿ ಉಂಡು ಮಲಗಿದರು. ಮರುದಿನ ನೀರಿಳಿದ ಮೇಲೆ ನೋಡಿದರೆ, ಸೇತುವೆಯ ಒಂದು ಮಗ್ಗುಲಿನ ಮಣ್ಣು ಆಳೆತ್ತರ ಕೊಚ್ಚಿಹೋಗಿದೆ.

ಇದು ಊಹಿಸಿಕೊಂಡ ಮನೆ. ಆದರೆ ಮಳೆಗಾಲದಲ್ಲಿ ಹಳ್ಳದ ದಂಡೆಗೆ ಬಂದು ನಿಲ್ಲುವ ಮನೆಗಳು ಊಹೆಯವಲ್ಲ. ಕಟಕಟ ಕೇಳಿ ಮೂರು ಸಲ ಫೋನು ಮಾಡಿದ ಮನೆಮಂದಿ, ಏನೂ ಸದ್ದಿಲ್ಲದ ಕಡೆಯೂ ಒಮ್ಮೆ ನಿಂತು ಕೇಳಬೇಕು: ಇಲ್ಲಿ ಯಾವ ನಿಯಮ ಕೆಲಸ ಮಾಡುತ್ತಿದೆ?

ಮಾಡಿ ನೋಡಿ

ಮುಚ್ಚಳ ಇರುವ ಒಂದು ಉದ್ದನೆಯ ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ಉಸುಕು ತುಂಬಿ, ಅಗಲ ಬುಟ್ಟಿಯಂಥ ಪಾತ್ರೆಯಲ್ಲಿ ಇಡಿ. ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಎಷ್ಟು ಬಲ ಬೇಕು ಎಂದು ಗಮನಿಸಿ. ಈಗ ಒಂದೊಂದೇ ಲೋಟ ನೀರು ಹಾಕುತ್ತ, ಪ್ರತಿ ಸಲವೂ ತಳ್ಳಿ ನೋಡಿ. ಡಬ್ಬಿ ತೇಲುವ ಮೊದಲೇ, ಇನ್ನೂ ತಳಕ್ಕೆ ಕುಳಿತಂತೆ ಕಾಣುವಾಗಲೇ, ಬೆರಳು ಸೋಕಿದರೆ ಸಾಕು ಸರಿಯತೊಡಗುತ್ತದೆ. ಆಗಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಆಮೇಲೆ ಅಪ್ಪ-ಅವ್ವನನ್ನೂ ಕರೆದು ಅದೇ ಬೆರಳಿನಿಂದ ತಳ್ಳಿಸಿ.